ಮೂರು ಕಟ್ಲೆ, ಒಂದೇ ದಾರ

1988ರ ಮಳೆಗಾಲ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಬಾಡಿಗೆ ಮನೆ. ಆಗೆಲ್ಲ ವಿಸಿಆರ್, ಕಲರ್ ಟಿವಿ, ಮೂರು ಕ್ಯಾಸೆಟ್ ಎಲ್ಲ ಸೇರಿಸಿ ಒಂದು ರಾತ್ರಿಗೆ ಬಾಡಿಗೆಗೆ ಸಿಗುತ್ತಿತ್ತು. ಕೊಟ್ಟ ದುಡ್ಡು ವಸೂಲಾಗಬೇಕಲ್ಲ, ಅದಕ್ಕೆ ಬೆಳಗಿನ ತನಕ ನೋಡುವುದು. ಮೊದಲ ಎರಡು ಕ್ಯಾಸೆಟ್ ಎಲ್ಲರಿಗೂ, ಮೂರನೆಯದು ನಮ್ಮ ಯಜಮಾನರ ಪಾಲಿಗೆ. ಅವರಿಗೆ ಯುದ್ಧದ ಪಿಕ್ಚರ್ ಅಂದರೆ ಪ್ರಾಣ. ಅವತ್ತು ಅವರು ತಂದದ್ದು 'ದಿ ನೈಟ್ ಆಫ್ ದಿ ಜನರಲ್ಸ್'.

ಮಕ್ಕಳು ಮಲಗಿದ್ದರು. ನಾನು, ಯಜಮಾನರು, ಅತ್ತೆ ಮೂವರೇ. ಅತ್ತೆಗೆ ಇಂಗ್ಲಿಷ್ ಒಂದು ಅಕ್ಷರ ಬರುತ್ತಿರಲಿಲ್ಲ. ಆದರೂ ನಿದ್ದೆ ಬಾರದ್ದಕ್ಕೆ ಗೋಡೆಗೆ ಒರಗಿ ಕೂತಿದ್ದರು. ಪಿಕ್ಚರಿನಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ಮೂರು ಜನ ಜರ್ಮನ್ ಜನರಲ್‌ಗಳ ಮೇಲೆ ಅನುಮಾನ ಬಂತು. ಮೂರನೆಯವನು ಕಾರಿನಿಂದ ಇಳಿದ. ಬೆಳ್ಳಗಿನ ಮುಖ, ಕಲ್ಲಿನ ಹಾಗೆ ನಿಂತ ಕಣ್ಣು. ಅಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲಲ್ಲಿ ಅತ್ತೆಯ ದನಿ: "ಅವನ ಕಣ್ಣ ನೋಡಿದ್ಯಾ? ಅವನಽ ಮಾಡ್ಯಾನ." ಅಷ್ಟು ಹೇಳಿ ಒಳಗೆ ಹೋಗಿ ಮಲಗಿದರು.

ಕರೆಂಟ್ ಬಂದಾಗ ಬೆಳಗಿನ ಏಳು. ಎಂಟಕ್ಕೆ ಹುಡುಗ ಬಂದು ವಿಸಿಆರ್ ಹೊತ್ತುಕೊಂಡು ಹೋದ.

ಆಮೇಲೆ ಆ ಪಿಕ್ಚರ್ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೂ ನೋಡಲು ನನಗೆ ಪುರಸೊತ್ತಿರಲಿಲ್ಲ ಅನ್ನಿ. ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದೆ. ದಿನವೂ ಕಣ್ಣ ಮುಂದೆ ನಿಜವಾದ ಕೊಲೆಯ ಕಟ್ಲೆಗಳೇ ಇದ್ದವು. ಆದರೂ ಆಗೀಗ ನೆನಪಾಗುತ್ತಿತ್ತು. ಮೂವರಲ್ಲಿ ಯಾರು ಮಾಡಿದ್ದು? ಅತ್ತೆ ಹೇಳಿದವನಂತೂ ಇರಲಿಕ್ಕಿಲ್ಲ. ಅಷ್ಟು ಸುಲಭವಾಗಿ ಗೊತ್ತಾಗುವ ಹಾಗೆ ಯಾರಾದರೂ ಕೊಲೆಯ ಕಥೆ ಕಟ್ಟುತ್ತಾರಾ?

ಹೋದ ನವೆಂಬರಿನಲ್ಲಿ ಮಗನ ಮನೆಗೆ ಮ್ಯೂನಿಕ್‌ಗೆ ಹೋಗಿದ್ದೆವು. ಸಂಜೆ ಐದಕ್ಕೆ ಕಾರ್ಗತ್ತಲು, ಹೊರಗೆ ಕಾಲಿಟ್ಟರೆ ಮೂಗು ಉದುರುವ ಚಳಿ. ಸೊಸೆ ಲೈಬ್ರರಿಯಿಂದ ಒಂದು ರಾಶಿ ಡಿವಿಡಿ ತಂದಿಟ್ಟಿದ್ದಳು. ಅದರಲ್ಲಿ ಒಂದರ ಮೇಲೆ 'ದೀ ನಾಖ್ಟ್ ದೇರ್ ಗೆನೆರಾಲೆ' ಅಂತ ಇತ್ತು. ಹೆಸರು ಓದಲು ಬರಲಿಲ್ಲ. ಆದರೆ ಮೇಲಿನ ಮುಖ ನೋಡಿದೆ. ಅದೇ ಕಲ್ಲುಕಣ್ಣು!

ಇಲ್ಲಿಂದ ಮುಂದೆ ಕೊಲೆಗಾರ ಯಾರು ಎಂದು ನಾನು ಹೇಳಿಬಿಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಆ ಸಿನಿಮಾನೇ ಅದನ್ನು ಮುಚ್ಚಿಟ್ಟಿಲ್ಲ, ನಾನ್ಯಾಕೆ ಮುಚ್ಚಿಡಲಿ?

1967ರಲ್ಲಿ ಬಂದ ಪಿಕ್ಚರ್ ಇದು. ನಿರ್ದೇಶಕ ಅನಾಟೋಲ್ ಲಿಟ್ವಾಕ್, ನಿರ್ಮಾಪಕ ಸ್ಯಾಮ್ ಸ್ಪೀಗಲ್. ಹಾನ್ಸ್ ಹೆಲ್ಮುಟ್ ಕಿರ್ಸ್ಟ್ ಎಂಬ ಜರ್ಮನ್ ಲೇಖಕನ ಕಾದಂಬರಿ ಇದರ ಮೂಲ. ಪೀಟರ್ ಓಟೂಲ್ ಮತ್ತು ಓಮರ್ ಷರೀಫ್ ಇದ್ದಾರೆ. 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ಒಂಟೆ ಮೇಲೆ ಕೂತಿದ್ದರಲ್ಲ, ಅದೇ ಜೋಡಿ. ಆ ಪಿಕ್ಚರಿಗೂ ಇದೇ ಸ್ಪೀಗಲ್ ದುಡ್ಡು ಹಾಕಿದ್ದ, ಸಂಗೀತ ಕೊಟ್ಟವನೂ ಇದೇ ಮೋರಿಸ್ ಜಾರ್. ಇಲ್ಲಿ ಐರಿಷ್ ಮೂಲದ ಓಟೂಲ್ ಜರ್ಮನ್ ಜನರಲ್, ಈಜಿಪ್ಟಿನ ಷರೀಫ್ ಜರ್ಮನ್ ಮೇಜರ್. ಇಬ್ಬರೂ ಮಾತಾಡುವುದು ಚೆಂದದ ಇಂಗ್ಲಿಷ್. ಮೊದಲ ಹತ್ತು ನಿಮಿಷ ನಗು ಬರುತ್ತದೆ. ಆಮೇಲೆ ಒಗ್ಗಿಹೋಗುತ್ತದೆ.

ಕಥೆ ಶುರುವಾಗುವುದು 1942ರ ವಾರ್ಸಾದಲ್ಲಿ. ಪೋಲೆಂಡ್ ಜರ್ಮನ್ನರ ಕೈಯಲ್ಲಿದೆ. ಹಳೇ ವಠಾರದಂಥ ಒಂದು ಕಟ್ಟಡದಲ್ಲಿ ಒಬ್ಬ ವೇಶ್ಯೆಯನ್ನು ಯಾರೋ ಬರ್ಬರವಾಗಿ ಕೊಂದಿದ್ದಾರೆ. ಅವಳು ಜರ್ಮನ್ನರಿಗೆ ಗುಟ್ಟಾಗಿ ಸುದ್ದಿ ಕೊಡುತ್ತಿದ್ದವಳು. ಹಾಗಾಗಿ ವಿಚಾರಣೆ ಸೈನ್ಯದ ಬೇಹುಗಾರಿಕೆ ವಿಭಾಗದ ಮೇಜರ್ ಗ್ರಾವ್ ಪಾಲಿಗೆ ಬರುತ್ತದೆ. ಒಬ್ಬನೇ ಸಾಕ್ಷಿ. ಅವನು ಹೆದರಿ ಕಕ್ಕಸಿನಲ್ಲಿ ಅಡಗಿ ಕೂತಿದ್ದವನು. ಬಾಗಿಲ ಸಂದಿಯಿಂದ ಅವನಿಗೆ ಕಂಡದ್ದು ಮೆಟ್ಟಿಲಿಳಿದು ಹೋಗುವ ಎರಡು ಕಾಲು ಮಾತ್ರ. ಮುಖ ಕಾಣಲಿಲ್ಲ. ಪ್ಯಾಂಟಿನ ಬದಿಗೆ ಅಗಲವಾದ ಕೆಂಪು ಪಟ್ಟಿ ಇತ್ತು.

ಜರ್ಮನ್ ಸೈನ್ಯದಲ್ಲಿ ಆ ಕೆಂಪು ಪಟ್ಟಿ ಅಂದರೆ ಜನರಲ್. ಸಾಕ್ಷಿ ಇದನ್ನು ಹೇಳುವಾಗ ನಡುಗುವುದು, ಕೇಳುವವರು ಒಬ್ಬರ ಮುಖ ಒಬ್ಬರು ನೋಡುವುದು, ಎಷ್ಟು ಚೆನ್ನಾಗಿದೆ ಅಂದರೆ ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಆದರೆ ಕೋರ್ಟಿನ ಬುದ್ಧಿ ಎಲ್ಲಿ ಹೋಗಬೇಕು? ಆ ಸೈನ್ಯದಲ್ಲಿ ಜನರಲ್ ಸ್ಟಾಫ್, ಅಂದರೆ ಯುದ್ಧದ ಯೋಜನೆ ಹಾಕುವ ವಿಭಾಗದ, ಜನರಲ್ ಅಲ್ಲದ ಕೆಳಗಿನ ಅಧಿಕಾರಿಗಳ ಪ್ಯಾಂಟಿಗೂ ಪಟ್ಟಿ ಇರುತ್ತಿತ್ತು. ಬಣ್ಣ ಮಾತ್ರ ಬೇರೆ, ಕೊಂಚ ಕಡುಗೆಂಪು. ನಮ್ಮ ಕೋರ್ಟಿನ ಯಾವ ವಕೀಲರಾದರೂ ಪಾಟೀಸವಾಲಿನಲ್ಲಿ ಅದನ್ನೇ ಹಿಡಿಯುತ್ತಿದ್ದರು. "ಕತ್ತಲ ಮೆಟ್ಟಿಲು, ಕಕ್ಕಸಿನ ಸಂದಿ, ಕೆಂಪು ಯಾವುದು ಕಡುಗೆಂಪು ಯಾವುದು ನಿನಗೆ ಹೇಗೆ ಗೊತ್ತಾಯಿತಪ್ಪ?" ಮುಗಿಯಿತು, ಸಾಕ್ಷಿ ಠುಸ್.

ಇರಲಿ. ಆ ರಾತ್ರಿ ಎಲ್ಲಿದ್ದೆವು ಎಂದು ಹೇಳಲಾಗದ ಜನರಲ್‌ಗಳು ಮೂವರು. ಫಾನ್ ಸೈಡ್ಲಿಟ್ಸ್-ಗಾಬ್ಲರ್, ಮೇಲಿನ ದರ್ಜೆಯ ಮನುಷ್ಯ, ಹೆಂಡತಿಗೆ ಹೆದರುವವನು, ಹೊರಗೆ ಹೆಂಗಸರ ಚಟ. ಕಾಲೆನ್‌ಬರ್ಗೆ, ಡೊನಾಲ್ಡ್ ಪ್ಲೆಸೆನ್ಸ್ ಮಾಡಿದ ಪಾತ್ರ, ಮಾತು ಕಡಿಮೆ, ಮನಸ್ಸಿನಲ್ಲಿ ಏನೋ ಗುಟ್ಟು. ಮತ್ತೆ ನಮ್ಮ ಕಲ್ಲುಕಣ್ಣಿನವನು, ಓಟೂಲ್ ಮಾಡಿದ ಟಾಂಟ್ಸ್. ಹಿಟ್ಲರನಿಗೆ ಬೇಕಾದವನು. ಮೇಜರ್ ಗ್ರಾವ್ ಮೂವರ ಹಿಂದೆಯೂ ಬೀಳುತ್ತಾನೆ.

ಇಲ್ಲಿ ಗ್ರಾವ್‌ನನ್ನು ಎಲ್ಲರೂ ಕೇಳುವ ಒಂದು ಪ್ರಶ್ನೆ ಇದೆ. ಇದು ಇಡೀ ಸಿನಿಮಾದ ಜೀವ. ಸುತ್ತ ಸಾವಿರ ಸಾವಿರ ಜನ ಸಾಯುತ್ತಿದ್ದಾರೆ, ನೀನು ಒಬ್ಬ ವೇಶ್ಯೆಯ ಸಾವು ಹಿಡಿದುಕೊಂಡು ಕೂತಿದ್ದೀಯಲ್ಲ? ಗ್ರಾವ್ ಹೇಳುವುದರ ತಾತ್ಪರ್ಯ ಇಷ್ಟು: ದೊಡ್ಡ ಪ್ರಮಾಣದಲ್ಲಿ ಕೊಂದವರಿಗೆ ಹೇಗೂ ಪದಕ ಕೊಡುತ್ತಿದ್ದೇವೆ, ಚಿಲ್ಲರೆ ಲೆಕ್ಕದಲ್ಲಿ ಕೊಂದವನಿಗಾದರೂ ನ್ಯಾಯ ಸಿಗಲಿ. ಷರೀಫ್ ಇದನ್ನು ನಗುನಗುತ್ತಲೇ ಹೇಳುತ್ತಾನೆ. ನನ್ನ ಮೈ ಜುಮ್ಮೆಂದಿತು. ನಾನು ಕೋರ್ಟಿನಲ್ಲಿ ಕೂತ ಅಷ್ಟೂ ವರ್ಷ ಇದೇ ಮಾತಿನ ಇನ್ನೊಂದು ರೂಪ ಕೇಳಿದ್ದೇನೆ. "ದೊಡ್ಡ ದೊಡ್ಡವರು ಕೋಟಿಗಟ್ಟಲೆ ತಿಂದು ಆರಾಮಾಗಿದ್ದಾರೆ ಸ್ವಾಮಿ, ನನ್ನನ್ನ ಯಾಕೆ ಹಿಡಿದಿರಿ?"

ಆದರೆ ನೋಡಿ, ಈ ಪ್ರಶ್ನೆಗೆ ತೂಕ ಬರಬೇಕಾದರೆ ಆ "ಸಾವಿರ ಸಾವಿರ" ಏನು ಅಂತ ತೋರಿಸಬೇಕು. ಅದೇ ವಾರ್ಸಾದಲ್ಲಿ, ಅದೇ 1942ರ ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕ, 2,50,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಕಳಿಸಿ ಕೊಂದಿದ್ದರು. ಗ್ರಾವ್ ಒಂದು ಹೆಣದ ಮುಂದೆ ನಿಂತಾಗ ಆ ಊರಿನ ಒಂದು ಭಾಗವೇ ಹೀಗೆ ಖಾಲಿಯಾಗಿತ್ತು. ಸಿನಿಮಾದಲ್ಲಿ ಇದಕ್ಕೆ ಜಾಗವೇ ಸಿಕ್ಕಿಲ್ಲ. ಬದಲಿಗೆ ಒಂದು ದೊಡ್ಡ ದೃಶ್ಯ ಇದೆ. ಟಾಂಟ್ಸ್ ಒಂದು ಕೇರಿಯನ್ನು ಹಂತ ಹಂತವಾಗಿ ಸುಡಿಸುತ್ತಾನೆ. ಮೊದಲನೇ ಹಂತ, ಎರಡನೇ ಹಂತ, ಮೂರನೇ ಹಂತ, ಕಂತ್ರಾಟುದಾರ ರಸ್ತೆ ಕೆಲಸ ಮಾಡಿಸುವ ಹಾಗೆ. ಬೆಂಕಿ ಕಾರುವ ಬಂದೂಕು, ಟ್ಯಾಂಕು, ಉರಿಯುವ ಮನೆಗಳು. ಪರದೆ ತುಂಬ ಹೊಗೆ. ಕಣ್ಣಿಗೆ ಹಬ್ಬ ಅನ್ನುವ ಹಾಗಿಲ್ಲ, ಆದರೆ ಬಿಡಿಸಲಾಗದ ಹಾಗೆ ಕಣ್ಣು ಅಂಟಿಕೊಳ್ಳುತ್ತದೆ.

ಅಲ್ಲಿಗೇ ರಹಸ್ಯವೂ ಸುಟ್ಟುಹೋಗುತ್ತದೆ. ಆ ಬೆಂಕಿಯ ಮುಂದೆ ನಿಂತು ಓಟೂಲ್ ಮುಖದಲ್ಲಿ ಬೆವರು, ಕಣ್ಣಲ್ಲಿ ಏನೋ ಹೊಳಪು. ಇನ್ನು ಯಾರು ಕೊಂದದ್ದು ಎಂದು ಕೇಳುವುದಕ್ಕೆ ಏನು ಉಳಿಯಿತು? ಸಿನಿಮಾದ ಕಾಲುಭಾಗ ಕೂಡ ಆಗಿರಲಿಲ್ಲ. ನಾನು ಯಜಮಾನರ ಕಡೆ ನೋಡಿದೆ. ಅವರಿಗೆ ಆಗಲೇ ನಿದ್ದೆ. ಮೂವತ್ತು ವರ್ಷಕ್ಕೂ ಜಾಸ್ತಿ ಕಾದದ್ದು ಇದಕ್ಕಾ ಅನಿಸಿತು.

ಅಷ್ಟರಲ್ಲಿ ಗ್ರಾವ್‌ಗೆ ಬಡ್ತಿ ಬರುತ್ತದೆ, ಜೊತೆಗೆ ಪ್ಯಾರಿಸ್‌ಗೆ ವರ್ಗ. ಇದನ್ನು ಮಾತ್ರ ನಮ್ಮವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ? ಬೇಡದ ಕಡತ ಬಿಚ್ಚಿದವನಿಗೆ ಹೂವಿನ ಹಾರ ಹಾಕಿ, ಪೇಡೆ ತಿನ್ನಿಸಿ, ದೂರದ ಊರಿಗೆ ಕಳಿಸುವುದು. ನಾನು ನೋಡಿದ ಒಂದು ಕಟ್ಲೆಯಲ್ಲಿ ತನಿಖೆ ನಡೆಸುತ್ತಿದ್ದ ಅಧಿಕಾರಿ ಬದಲಾಗಿದ್ದು ನಾಲ್ಕು ಸಲ. ನಾಲ್ಕನೆಯವರು ಸಾಕ್ಷಿ ಕಟ್ಟೆಗೆ ಬಂದು ನಿಂತಾಗ ಅವರಿಗೆ ಸತ್ತವನ ಹೆಸರೇ ನೆನಪಿರಲಿಲ್ಲ.

ಈಗ ಅಸಲು ದೂರಿಗೆ ಬರುತ್ತೇನೆ. ಕಟ್ಲೆಯ ಕಾಗದಗಳನ್ನು ನಾವು ಒಂದು ದಾರದಲ್ಲಿ ಪೋಣಿಸಿ ಕಟ್ಟುತ್ತೇವೆ. ಫಿರ್ಯಾದಿ, ಮಹಜರು, ಹೇಳಿಕೆ, ಚಾರ್ಜ್‌ಶೀಟ್, ಹೀಗೆ ಒಂದರ ಕೆಳಗೆ ಒಂದು. ಹೊಸದಾಗಿ ಬಂದ ಹುಡುಗರು ಒಮ್ಮೊಮ್ಮೆ ಗಡಿಬಿಡಿಯಲ್ಲಿ ಬೇರೆ ಬೇರೆ ಕಟ್ಲೆಯ ಕಾಗದ ಒಂದೇ ದಾರಕ್ಕೆ ಕಟ್ಟಿಬಿಡುತ್ತಾರೆ. ಸಾಹೇಬರು ಓದುತ್ತಾ ಹೋಗುತ್ತಾರೆ, ಕೊಲೆಯ ಮಧ್ಯೆ ಹೊಲದ ಬದುವಿನ ತಂಟೆ ಬರುತ್ತದೆ, ಅದರ ಹಿಂದೆ ಜೀವನಾಂಶದ ಅರ್ಜಿ. ಈ ಸಿನಿಮಾ ಥೇಟ್ ಹಾಗೆ.

ಒಂದನೇ ಕಟ್ಲೆ, ವೇಶ್ಯೆಯ ಕೊಲೆ. ಎರಡನೆಯದು, ಹಿಟ್ಲರನನ್ನು ಕೊಲ್ಲುವ ಸಂಚು. ಮೂರನೆಯದು, ಒಬ್ಬ ಕಾರ್ಪೊರಲ್ ಮತ್ತು ಜನರಲ್ ಮಗಳ ಪ್ರೇಮ. ಇಷ್ಟು ಸಾಲದು ಅಂತ ನಡುನಡುವೆ 1965ಕ್ಕೆ ನೆಗೆಯುತ್ತಾರೆ. ಮೊರಾಂಡ್ ಎಂಬ ಫ್ರೆಂಚ್ ಪೊಲೀಸ್ ಅಧಿಕಾರಿ ಹಳಬರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುತ್ತಾನೆ. ಫಿಲಿಪ್ ನ್ವಾರೆ ಈ ಪಾತ್ರವನ್ನು ತುಂಬ ಹದವಾಗಿ ಮಾಡಿದ್ದಾನೆ, ಕೈಯಲ್ಲೇನೂ ಇಲ್ಲದವನ ಹಾಗೆ ಬಂದು ಎಲ್ಲ ತಿಳಿದುಕೊಂಡು ಹೋಗುವ ಮನುಷ್ಯ. ಆದರೆ ಅವನು ಬಂದಾಗಲೆಲ್ಲ ಕಥೆಯ ಗಾಳಿ ಪುಸ್ ಅಂತ ಇಳಿಯುತ್ತದೆ. ಯುದ್ಧದಲ್ಲಿ ಯಾರು ಉಳಿದರು, ಯಾರು ಸತ್ತರು ಎಂದು ಮೊದಲೇ ಗೊತ್ತಾದ ಮೇಲೆ ಕುತೂಹಲ ಎಲ್ಲಿಂದ ಬರಬೇಕು?

1944ರ ಜುಲೈಯಲ್ಲಿ ಮೂವರು ಜನರಲ್‌ಗಳೂ ಪ್ಯಾರಿಸ್‌ಗೆ ಬಂದು ಸೇರುತ್ತಾರೆ. ಗ್ರಾವ್ ಮೊದಲೇ ಅಲ್ಲಿದ್ದಾನೆ. ಈಗ ಶುರುವಾಗಬೇಕು ಬೇಟೆ, ಅಂದುಕೊಂಡು ನಾನು ಕಂಬಳಿ ಸರಿಮಾಡಿಕೊಂಡು ಕೂತೆ. ಆದರೆ ಸಿನಿಮಾ ಗ್ರಾವ್‌ನನ್ನು ಮೂಲೆಗೆ ತಳ್ಳಿ ಸಂಚಿನ ಹಿಂದೆ ಹೋಯಿತು. ಮುಖ್ಯ ಪತ್ತೇದಾರನೇ ಬಹಳ ಹೊತ್ತು ಕಾಣಿಸುವುದಿಲ್ಲ. ಅವನ ಮನೆಯಲ್ಲಿ ಯಾರಿದ್ದಾರೆ? ನ್ಯಾಯದ ಹುಚ್ಚು ಇರುವವನು ಹಿಟ್ಲರನ ಸೈನ್ಯದಲ್ಲಿ ಇದ್ದುಕೊಂಡು ರಾತ್ರಿ ಹೇಗೆ ನಿದ್ದೆ ಮಾಡುತ್ತಾನೆ? ಒಂದನ್ನೂ ಹೇಳುವುದಿಲ್ಲ.

ಸಂಚಿನ ಭಾಗ ಕೆಟ್ಟದಾಗಿದೆ ಅಂತ ನಾನು ಹೇಳುತ್ತಿಲ್ಲ. ಇತಿಹಾಸವೇ ಅಷ್ಟು ರೋಚಕ. 1944ರ ಜುಲೈ 20. ರಾಸ್ಟೆನ್‌ಬರ್ಗ್ ಬಳಿಯ ಹಿಟ್ಲರನ ಠಾಣ್ಯದಲ್ಲಿ ಸ್ಟೌಫೆನ್‌ಬರ್ಗ್ ಎಂಬ ಜರ್ಮನ್ ಸೈನ್ಯಾಧಿಕಾರಿ ಚೀಲದಲ್ಲಿ ಬಾಂಬ್ ಇಟ್ಟು ಹೊರಬಿದ್ದ. ಮೇಜಿನ ದಪ್ಪ ಕಾಲು ಅಡ್ಡ ಬಂದು ಹಿಟ್ಲರ್ ಉಳಿದುಕೊಂಡ. ಆದರೆ ಅವನು ಸತ್ತ ಅಂದುಕೊಂಡು ಪ್ಯಾರಿಸ್‌ನಲ್ಲಿ ಸಂಚಿನ ಜೊತೆಗಾರ ಜನರಲ್ ಸ್ಟ್ಯೂಲ್ಪ್‌ನಾಗೆಲ್ ಆ ಸಂಜೆ ಒಂದು ಗುಂಡೂ ಹಾರಿಸದೆ ನಾಜಿಗಳ ಖಾಸಾ ಪಡೆ ಎಸ್‌ಎಸ್, ಅದರ ಬೇಹುಗಾರಿಕೆ ದಳ ಎಸ್‌ಡಿ ಇವುಗಳ ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಡಿಸಿಹಾಕಿದ್ದ. ಬೆಳಗಾಗುವುದರೊಳಗೆ ಆಟ ಮುಗಿಯಿತು. ಆಮೇಲೆ ಅವನು ತಲೆಗೆ ಗುಂಡು ಹೊಡೆದುಕೊಂಡ, ಸಾಯಲಿಲ್ಲ, ಕಣ್ಣು ಹೋಯಿತು. ಆಗಸ್ಟ್ 30ಕ್ಕೆ ಅವನನ್ನು ಬರ್ಲಿನ್ನಿನಲ್ಲಿ ನೇಣಿಗೆ ಹಾಕಿದರು. ಇದೇ ಒಂದು ಪೂರ್ತಿ ಸಿನಿಮಾ! ಕೊಲೆಯ ಕಥೆಯ ಹೊಟ್ಟೆಯಲ್ಲಿ ಇದನ್ನು ಯಾಕೆ ತುರುಕಬೇಕಿತ್ತು?

ಜರ್ಮನಿಯ ಹೆಸರಾಂತ ಸೇನಾಪತಿ ರೋಮೆಲ್ ಕೂಡ ಬಂದು ಹೋಗುತ್ತಾನೆ. ಕ್ರಿಸ್ಟೋಫರ್ ಪ್ಲಮ್ಮರ್. ಜುಲೈ 17ಕ್ಕೆ ರೋಮೆಲ್ ಕಾರಿನ ಮೇಲೆ ವಿಮಾನದಿಂದ ಗುಂಡು ಹಾರಿದ್ದು ನಿಜವಾದ ಘಟನೆ. ಸಿನಿಮಾದಲ್ಲಿ ಅವನು ಮದುವೆ ಮನೆಗೆ ಬಂದ ಎಮ್ಮೆಲ್ಲೆ ಹಾಗೆ, ಮುಖ ತೋರಿಸಿ ಹೊರಟುಬಿಡುತ್ತಾನೆ. ಊಟಕ್ಕೂ ನಿಲ್ಲುವುದಿಲ್ಲ.

ಪ್ರೇಮದ ಕಥೆ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಹಾರ್ಟ್‌ಮನ್ ಎಂಬ ಕಾರ್ಪೊರಲ್, ಗಾಬ್ಲರ್‌ನ ಮಗಳು ಉಲ್ರಿಕೆ. ತಾಯಿಗೆ ಮಗಳನ್ನು ಟಾಂಟ್ಸ್‌ಗೆ ಕೊಡುವ ಆಸೆ. ನಮ್ಮ ಧಾರಾವಾಹಿಗಳಲ್ಲಿ ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ. ನಾನು ಎದ್ದು ಹೋಗಿ ಒಗ್ಗರಣೆ ಅವಲಕ್ಕಿ ಮಾಡಿಕೊಂಡು ಬಂದೆ, ಏನೂ ತಪ್ಪಿಸಿಕೊಂಡ ಹಾಗೆ ಆಗಲಿಲ್ಲ.

ಆದರೆ ಇದೇ ಹಾರ್ಟ್‌ಮನ್‌ನನ್ನು ಟಾಂಟ್ಸ್‌ಗೆ ಡ್ರೈವರ್ ಆಗಿ ಹಾಕುತ್ತಾರೆ. ಆಗ ನೋಡಿ, ಸಿನಿಮಾ ಒಮ್ಮೆಲೇ ನೆಟ್ಟಗೆ ಎದ್ದು ಕೂರುತ್ತದೆ! ಟಾಂಟ್ಸ್‌ಗೆ ಕಡ್ಡಾಯ ರಜೆ ಕೊಟ್ಟಿದ್ದಾರೆ. ಪ್ಯಾರಿಸ್ ಸುತ್ತಬೇಕು. ಸ್ವಚ್ಛತೆಯ ಗೀಳಿನ ಮನುಷ್ಯ, ಕಾರಿನಲ್ಲಿ ಒಂದು ಧೂಳಿನ ಕಣ ಇರಬಾರದು. ಒಂದರ ಹಿಂದೆ ಒಂದು ಸಿಗರೇಟು, ಕುಡಿತ. ಮಾತಿಲ್ಲ, ಬರೀ ಆಜ್ಞೆ. ಟಾಮ್ ಕೋರ್ಟ್ನಿ ಹಾರ್ಟ್‌ಮನ್ ಆಗಿ ಸ್ಟೀರಿಂಗ್ ಹಿಡಿದು ಕನ್ನಡಿಯಲ್ಲಿ ಹಿಂದಿನ ಸೀಟು ನೋಡುವ ನೋಟದಲ್ಲೇ ಎಲ್ಲ ಇದೆ. ದೊಡ್ಡ ಸಾಹೇಬರ ಕಾರು ಓಡಿಸಿದ ಯಾವ ಡ್ರೈವರನ್ನಾದರೂ ಕೇಳಿ, ಅವನಿಗೆ ಈ ಅರ್ಧ ಗಂಟೆ ಅರ್ಥವಾಗುತ್ತದೆ. ಹಿಂದೆ ಕೂತವನ ಉಸಿರಿನಿಂದಲೇ ಅವನ ಮನಸ್ಸು ಲೆಕ್ಕ ಹಾಕಬೇಕು.

ಅವನು ಟಾಂಟ್ಸ್‌ನನ್ನು ಚಿತ್ರಗಳಿರುವ ಒಂದು ಜಾಗಕ್ಕೆ ಕರೆದೊಯ್ಯುತ್ತಾನೆ. ಜ್ಯು ದ ಪೋಮ್. ಯಹೂದಿಗಳ ಮನೆಗಳಿಂದ ಲೂಟಿ ಮಾಡಿದ ಚಿತ್ರಗಳನ್ನು ನಾಜಿಗಳು ತಂದು ಗುಡ್ಡೆ ಹಾಕಿದ್ದು ನಿಜವಾಗಿಯೂ ಅಲ್ಲೇ. ಹಿಟ್ಲರನ ಬಲಗೈಯಂತಿದ್ದ ಗೋರಿಂಗ್ ಬಂದು ತನಗೆ ಬೇಕಾದದ್ದು ಆರಿಸಿಕೊಂಡು ಹೋಗುತ್ತಿದ್ದ. ಅಲ್ಲಿ ಟಾಂಟ್ಸ್ ಚಿತ್ರಕಾರ ವ್ಯಾನ್ ಗೋ ಬರೆದುಕೊಂಡ ಸ್ವಂತ ಮುಖದ ಚಿತ್ರದ ಮುಂದೆ ನಿಲ್ಲುತ್ತಾನೆ. ಎದುರಿಗೆ ಹುಚ್ಚು ಹಿಡಿದ ಮನುಷ್ಯನ ಕಣ್ಣು, ಈಚೆಗೆ ಇವನ ಕಣ್ಣು. ಕೈ ನಡುಗುತ್ತದೆ, ಮುಖದ ನರ ಹಾರುತ್ತದೆ, ಬೆವರು. ಮಾತೇ ಇಲ್ಲ. ಆಮೇಲೆ ಮತ್ತೊಮ್ಮೆ ಬಂದು ಅದೇ ಚಿತ್ರದ ಮುಂದೆ ನಿಲ್ಲುತ್ತಾನೆ.

ಓಟೂಲ್ ಜಾಸ್ತಿ ಮಾಡಿದ್ದಾನೆ ಅಂತ ಸೊಸೆ ಹೇಳಿದಳು. ಯಕ್ಷಗಾನದ ರಾಕ್ಷಸ ವೇಷದ ಹಾಗೆ ಇದೆಯಂತೆ. ನನಗೆ ಹಾಗನಿಸಲಿಲ್ಲ. ಇಡೀ ಸಿನಿಮಾದಲ್ಲಿ ಒಂದೇ ಕಡೆ ಗಮನ ನಿಲ್ಲಿಸಿದ ಜಾಗ ಅದು. ಯಾಕೆ ಹೀಗೆ ಮನುಷ್ಯ ಒಳಗಿನಿಂದ ಕೊಳೆತ ಎಂದು ವಿವರಿಸುವುದಿಲ್ಲ, ಸುಮ್ನೆ ತೋರಿಸುತ್ತದೆ.

ಎರಡನೇ ಕೊಲೆ ಪ್ಯಾರಿಸ್‌ನಲ್ಲಿ ಆಗುತ್ತದೆ. ಅದು ಹಾರ್ಟ್‌ಮನ್ ತಲೆಗೆ ಬರುವ ಹಾಗೆ ಟಾಂಟ್ಸ್ ಏರ್ಪಾಡು ಮಾಡುತ್ತಾನೆ. ಓಡಿಹೋಗು, ಇಲ್ಲವಾದರೆ ಇಲ್ಲೇ ಗುಂಡು. ಹುಡುಗ ಓಡುತ್ತಾನೆ. ಓಡಿದವನೇ ತಪ್ಪಿತಸ್ಥ ಅಂತ ಲೋಕದ ನ್ಯಾಯ ತಾನೆ.

ಮುಂದೆ ಬರುವ ಹತ್ತು ನಿಮಿಷಕ್ಕಾಗಿ ಈ ಸಿನಿಮಾದ ಎಷ್ಟೋ ತಪ್ಪನ್ನು ನಾನು ಮನ್ನಿಸುತ್ತೇನೆ. ಜುಲೈ 20ರ ದಿನವೇ ಗ್ರಾವ್ ಟಾಂಟ್ಸ್‌ನನ್ನು ದಸ್ತಗಿರಿ ಮಾಡಲು ಹೋಗುತ್ತಾನೆ. ಒಬ್ಬನೇ. ಹಿಟ್ಲರ್ ಸತ್ತ ಅನ್ನುವ ಗಾಳಿಸುದ್ದಿ ಹರಡಿದೆ. ಯಾರ ಅಧಿಕಾರ ನಡೆಯುತ್ತಿದೆ ಯಾರಿಗೂ ಗೊತ್ತಿಲ್ಲ. ಗ್ರಾವ್ ಎದುರಿಗೆ ನಿಂತು ಕೊಲೆಯ ಆರೋಪ ಹೇಳುತ್ತಾನೆ. ಆಗ ರೇಡಿಯೋದಲ್ಲಿ ಬರುತ್ತದೆ: ಹಿಟ್ಲರ್ ಬದುಕಿದ್ದಾನೆ. ಟಾಂಟ್ಸ್ ತಣ್ಣಗೆ ಪಿಸ್ತೂಲು ತೆಗೆದು ಗ್ರಾವ್‌ನನ್ನು ಕೊಲ್ಲುತ್ತಾನೆ. ಯಾಕೆ ಕೊಂದೆ ಅಂತ ಯಾರು ಕೇಳುತ್ತಾರೆ? ಅವತ್ತು ಯಾರನ್ನು ಬೇಕಾದರೂ ಕೊಂದು "ದ್ರೋಹಿ" ಅಂದರೆ ಮುಗಿಯಿತು.

ಇಲ್ಲಿ ಮಾತ್ರ ಎರಡು ಕಟ್ಲೆಯ ಕಾಗದ ಒಂದಕ್ಕೊಂದು ಸರಿಯಾಗಿ ಕೂತಿದೆ. ದೊಡ್ಡ ಸಂಚು ಚಿಕ್ಕ ಕೊಲೆಗೆ ಮರೆಯಾಗಿ ನಿಂತಿತು. ಹಾಗಾದರೆ ಇಡೀ ಸಿನಿಮಾ ಇದರ ಕಡೆಗೇ ನಡೆದುಕೊಂಡು ಬರಬಹುದಿತ್ತಲ್ಲ! ಗ್ರಾವ್‌ನ ಬೆನ್ನು ಬಿಡದೆ, ಅವನ ಕಣ್ಣಿನಿಂದಲೇ ಸಂಚಿನ ಸುಳಿವು ನಮಗೂ ಸಿಗುತ್ತಾ ಹೋಗಿದ್ದರೆ? ಕಾಲೆನ್‌ಬರ್ಗೆ ಮುಚ್ಚಿಡುತ್ತಿರುವುದು ಕೊಲೆಯನ್ನೋ ಸಂಚನ್ನೋ ಎಂದು ನಾವೂ ತಲೆಕೆಡಿಸಿಕೊಳ್ಳುತ್ತಿದ್ದೆವು. ಮೂವರಿಗೂ ಒಂದೊಂದು ಗುಟ್ಟು ಇದೆ: ಒಬ್ಬನಿಗೆ ಹೆಂಗಸರು, ಒಬ್ಬನಿಗೆ ಸಂಚು, ಒಬ್ಬನಿಗೆ ರಕ್ತ. ಕಥೆಯ ಮೂಳೆ ಗಟ್ಟಿಯಾಗಿದೆ. ಮಾಂಸ ತುಂಬುವಾಗ ಕೈ ತಪ್ಪಿದೆ.

ಕೊನೆಗೆ 1965. ಹ್ಯಾಂಬರ್ಗ್‌ನಲ್ಲಿ ಮತ್ತೊಬ್ಬ ವೇಶ್ಯೆಯ ಕೊಲೆ, ಅದೇ ರೀತಿ. ಟಾಂಟ್ಸ್ ಯುದ್ಧಾಪರಾಧಕ್ಕೆ ಜೈಲು ಮುಗಿಸಿ ಹೊರಬಂದಿದ್ದಾನೆ. ಗ್ರಾವ್‌ನ ಋಣ ಇರುವ ಮೊರಾಂಡ್ ಹಳೇ ಕಡತ ಬಿಚ್ಚುತ್ತಾನೆ. ಗ್ರಾವ್ ಬದುಕಿದ್ದಾಗ ಸಹಾಯಕ್ಕೆ ಪ್ರತಿಯಾಗಿ ಫ್ರೆಂಚ್ ಹೋರಾಟಗಾರರನ್ನು ಬಿಟ್ಟು ಕಳಿಸಿದ್ದ. ಆ ಸಾಲ ತೀರಿಸಲು ಇವನು ಬಂದಿದ್ದಾನೆ. ಟಾಂಟ್ಸ್‌ನ ಹಳೇ ಡಿವಿಷನ್ನಿನವರು ಮ್ಯೂನಿಕ್‌ನಲ್ಲಿ ಔತಣ ಇಟ್ಟುಕೊಂಡಿದ್ದಾರೆ, ಜನರಲ್ ಸಾಹೇಬರಿಗೆ ಸನ್ಮಾನ. ಅಲ್ಲಿಗೆ ಮೊರಾಂಡ್ ಹೋಗುತ್ತಾನೆ. ಸಾಕ್ಷಿ ಹೊರಗೆ ಕಾಯುತ್ತಿದ್ದಾನೆ ಅನ್ನುತ್ತಾನೆ. ಹಾರ್ಟ್‌ಮನ್.

ಮ್ಯೂನಿಕ್ ಅನ್ನುವ ಹೆಸರು ಕೇಳಿ ನಾನು ಕಿಟಕಿಯಿಂದ ಹೊರಗೆ ನೋಡಿದೆ. ಎದುರಿನ ಮನೆಯ ಅಜ್ಜ ಎಂದಿನಂತೆ ಬಾಲ್ಕನಿಯ ಕುಂಡಗಳಿಗೆ ಚಳಿಯ ಹೊದಿಕೆ ಹೊದಿಸುತ್ತಿದ್ದ. 1965ರಲ್ಲಿ ಇವನಿಗೆ ಎಷ್ಟು ವಯಸ್ಸಿರಬಹುದು? ಚಿಕ್ಕ ಹುಡುಗ ಇದ್ದಿರಬೇಕು ಪಾಪ. ಸುಮ್ಮನೆ ಲೆಕ್ಕ ಹಾಕಿದೆ.

ಒಂದು ವಿಷಯ ಮಾತ್ರ ನನಗೆ ಆಮೇಲೂ ಕೊರೆಯಿತು. ಪಶ್ಚಿಮ ಜರ್ಮನಿಯಲ್ಲಿ ಆಗ ಕೊಲೆಗೂ ಕಾಲಮಿತಿ ಇತ್ತು, ಇಪ್ಪತ್ತು ವರ್ಷ. ನಮ್ಮಲ್ಲಿ ಹಾಗಿಲ್ಲ. ಚಿಕ್ಕಪುಟ್ಟ ಅಪರಾಧಕ್ಕೆ ವಾಯಿದೆ ಮೀರುತ್ತದೆ, ಕೊಲೆಗೆ ಇಲ್ಲ. ಅವರಲ್ಲಿ 1965ಕ್ಕೆ ಯುದ್ಧ ಮುಗಿದು ಸರಿಯಾಗಿ ಇಪ್ಪತ್ತು ವರ್ಷ ಆಗುತ್ತಿತ್ತು. ಹಾಗೇ ಬಿಟ್ಟರೆ ಇನ್ನೂ ಸಿಕ್ಕದ ನಾಜಿ ಕೊಲೆಗಾರರೆಲ್ಲ ಪಾರು. ಆ ವರ್ಷ ಅಲ್ಲಿನ ಸಂಸತ್ತಿನಲ್ಲಿ ಇದಕ್ಕೇ ದೊಡ್ಡ ಚರ್ಚೆ ನಡೆಯಿತು. ಕೊನೆಗೆ 1945ರಿಂದಲ್ಲ, 1949ರ ಕೊನೆಯಿಂದ ಎಣಿಸೋಣ ಅಂತ ಒಂದು ಉಪಾಯ ಮಾಡಿದರು. 1979ರಲ್ಲಿ ಕೊಲೆಗೆ ಕಾಲಮಿತಿಯನ್ನೇ ತೆಗೆದುಹಾಕಿದರು. ಅಂದರೆ ಮೊರಾಂಡ್ ಆ ಔತಣದ ಬಾಗಿಲು ತಟ್ಟಿದ ವರ್ಷ ಇಡೀ ದೇಶ ಅದೇ ಪ್ರಶ್ನೆ ಹಿಡಿದುಕೊಂಡು ಒದ್ದಾಡುತ್ತಿತ್ತು: ಹಳೇ ಕೊಲೆಯ ಕಡತ ಮುಚ್ಚಬೇಕೋ ಬೇಡವೋ? ಸಿನಿಮಾದವರ ಕಾಲ ಕೆಳಗೇ ಬಂಗಾರ ಬಿದ್ದಿತ್ತು. ಬಗ್ಗಿ ಎತ್ತಿಕೊಳ್ಳಲಿಲ್ಲ. ರೋಮೆಲ್‌ನ ಜಾಗದಲ್ಲಿ ಐದು ನಿಮಿಷ ಇದನ್ನು ಹಾಕಿದ್ದರೆ ಕೊನೆಯ ದೃಶ್ಯಕ್ಕೆ ಎಷ್ಟು ಭಾರ ಬರುತ್ತಿತ್ತು!

ಟಾಂಟ್ಸ್ ಪಕ್ಕದ ಕೋಣೆಗೆ ಹೋಗಿ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ. ವಿಚಾರಣೆ ಇಲ್ಲ, ಪಾಟೀಸವಾಲಿಲ್ಲ, ತೀರ್ಪಿಲ್ಲ. ಆರೋಪಿ ಮೃತನಾದ್ದರಿಂದ ಪ್ರಕರಣ ಮುಕ್ತಾಯ, ಅಂತ ನಾನು ಎಷ್ಟು ಸಲ ಬರೆದಿದ್ದೇನೋ. ಪ್ರತಿ ಸಲವೂ ಕೈಗೆ ಒಂಥರಾ ಆಗುತ್ತಿತ್ತು. ಇಲ್ಲೂ ಹಾಗೇ ಆಯಿತು.

ನೋಡಬೇಕೋ ಬೇಡವೋ ಅಂತ ಕೇಳಿದರೆ, ನೋಡಿ. ಆದರೆ ಪತ್ತೇದಾರಿ ಅಂದುಕೊಂಡು ಕೂರಬೇಡಿ. ಹೆಚ್ಚುಕಡಿಮೆ ಎರಡೂವರೆ ಗಂಟೆ ಇದೆ, ಒಂದೇ ಸಲಕ್ಕೆ ಆಗುವುದಿಲ್ಲ. ವಾರ್ಸಾದ ಭಾಗ ಒಂದು ದಿನ, ಪ್ಯಾರಿಸ್ ಇನ್ನೊಂದು ದಿನ ಮಾಡಿಕೊಳ್ಳಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡರೆ ಒಳ್ಳೆಯದು, ಪ್ಲೆಸೆನ್ಸ್ ಬಾಯೊಳಗೇ ಮಾತಾಡುತ್ತಾನೆ. ಆನ್ರಿ ದೆಕೇ ಎಂಬಾತನ ಕ್ಯಾಮೆರಾ ಕೆಲಸ ಚೆನ್ನಾಗಿದೆ, ಅದಕ್ಕೆ ಮೊಬೈಲಿನಲ್ಲಿ ನೋಡಬೇಡಿ, ದೊಡ್ಡ ಪರದೆ ಬೇಕು. ಮಕ್ಕಳ ಜೊತೆ ಬೇಡ.

ಕೊನೆಯ ಗುಂಡಿನ ಶಬ್ದಕ್ಕೆ ಯಜಮಾನರಿಗೆ ಎಚ್ಚರವಾಯಿತು. ಕಂಬಳಿಯಿಂದ ತಲೆ ಹೊರಗೆ ಹಾಕಿ, "ಯಾರಂತ ಕೊಂದವರು?" ಅಂದರು.

"ಆ ಬಿಳೀ ಮೋರೆಯವನೇ," ಅಂದೆ.

"ಅವ್ವ ಅವತ್ತಽ ಹೇಳಿದ್ದಳಲ್ಲ," ಅಂದು ಮತ್ತೆ ಮುಸುಕು ಎಳೆದುಕೊಂಡರು.